ಕೀಲು ಬದಲಾವಣೆಯ ನಂತರದ ರಕ್ತದ ಹೆಪ್ಪು ಮತ್ತು ಅದರ ಚಿಕಿತ್ಸೆ

ಸವೆದ ಮಂಡಿ ಅಥವಾ ಸೊಂಟದ ಕೀಲನ್ನು ತೆಗೆದು ಕೃತಕ ಕೀಲನ್ನು ಅಳವಡಿಸುವ ಶಸ್ತ್ರಚಿಕಿತ್ಸೆಯ ಬಳಿಕ, ಕಾಲಿನ ಆಳದಲ್ಲಿರುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ವೈದ್ಯರು ಇದನ್ನು ಡೀಪ್ ವೇನ್ ಥ್ರಾಂಬೋಸಿಸ್ ಎಂದೂ ಸಂಕ್ಷಿಪ್ತವಾಗಿ ಡಿವಿಟಿ ಎಂದೂ ಕರೆಯುತ್ತಾರೆ. ಹೆಪ್ಪಿನ ತುಂಡೊಂದು ಕಳಚಿಕೊಂಡು ರಕ್ತದೊಡನೆ ಹರಿದು, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಆ ಸ್ಥಿತಿಗೆ ಪಲ್ಮನರಿ ಎಂಬಾಲಿಸಮ್ ಎಂದು ಹೆಸರು. ಮೊದಲನೆಯದು ಕಾಲಿನ ಬಾಧೆ. ಎರಡನೆಯದು ಪ್ರಾಣಕ್ಕೆ ಅಪಾಯ ತರಬಲ್ಲದು. ಇವೆರಡೂ ಒಂದೇ ರೋಗದ ಎರಡು ಹಂತಗಳಾಗಿದ್ದು, ಎರಡಕ್ಕೂ ಮೂಲ ಚಿಕಿತ್ಸೆ ಒಂದೇ: ಹೆಪ್ಪುರೋಧಕ ಔಷಧ.

ಶಸ್ತ್ರಚಿಕಿತ್ಸೆಯ ಇತರ ಅನೇಕ ತೊಡಕುಗಳು ಆಸ್ಪತ್ರೆಯಲ್ಲಿ ಇರುವಾಗಲೇ ಕಾಣಿಸಿಕೊಳ್ಳುತ್ತವೆ. ಹೆಪ್ಪಿನ ಲಕ್ಷಣಗಳಾದರೋ ರೋಗಿ ಮನೆಗೆ ಮರಳಿದ ಮೇಲೆ, ಹೊಲಿಗೆ ಬಿಚ್ಚಿದ ಮೇಲೆ, ಎಲ್ಲವೂ ಸರಿಹೋಯಿತೆಂದು ಮನೆಯವರು ನಿರಾಳವಾದ ಮೇಲೆ ಕಾಣಿಸಿಕೊಳ್ಳುವುದೇ ಹೆಚ್ಚು. ಆದುದರಿಂದ ಈ ರೋಗವನ್ನು ಮೊದಲು ಗುರುತಿಸಬೇಕಾದವರು ಬಹುಪಾಲು ಸಂದರ್ಭಗಳಲ್ಲಿ ರೋಗಿ ಮತ್ತು ಮನೆಯವರೇ ಆಗಿರುತ್ತಾರೆ.

ಹೆಪ್ಪು ಉಂಟಾಗುವ ಬಗೆ

ರಕ್ತನಾಳದೊಳಗೆ ಹೆಪ್ಪುಗಟ್ಟಲು ಮೂರು ಸಂಗತಿಗಳು ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣವೇ ಹೆಚ್ಚುವುದು. ಜರ್ಮನಿಯ ರುಡಾಲ್ಫ್ ವಿರ್ಕೊ 1856ರಲ್ಲಿ ಪ್ರಕಟಿಸಿದ ಅಧ್ಯಯನಗಳ ನೆನಪಿಗಾಗಿ ಈ ಮೂರನ್ನು ಒಟ್ಟಾಗಿ ‘ವಿರ್ಕೊ ತ್ರಯ’ ಎನ್ನುತ್ತಾರೆ.

ಕೀಲು ಬದಲಾವಣೆಯಲ್ಲಿ ಈ ಮೂರೂ ಏಕಕಾಲದಲ್ಲಿ ಕೂಡಿಬರುತ್ತವೆ. ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ಅನೇಕ ವೇಳೆ ತೊಡೆಗೆ ಬಿಗಿಯಾದ ಪಟ್ಟಿ ಕಟ್ಟಿ ರಕ್ತಸಂಚಾರವನ್ನು ತಡೆಹಿಡಿಯುತ್ತಾರೆ. ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ ಕಾಲನ್ನು ಮಡಚಿ ತಿರುಗಿಸುವಾಗ ತೊಡೆಯ ದೊಡ್ಡ ಅಭಿಧಮನಿ ಹಿಂಡಿದಂತಾಗುತ್ತದೆ. ಎಲುಬನ್ನು ಕೊಯ್ದು ಕೊರೆದಾಗ ಹೆಪ್ಪುಗಟ್ಟಿಸುವ ವಸ್ತುಗಳು ರಕ್ತಕ್ಕೆ ಸೇರುತ್ತವೆ. ಬಳಿಕ ನೋವಿನಿಂದ ರೋಗಿ ಕಾಲಾಡಿಸದೆ ಮಲಗಿರುತ್ತಾನೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಆ ಕೆಲಸ ನಿಂತಾಗ ರಕ್ತ ಅಲ್ಲಿಯೇ ಮಡುಗಟ್ಟುತ್ತದೆ.

ಮೊದಲೊಮ್ಮೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು, ಅತಿ ಬೊಜ್ಜಿನವರು, ಹಾರ್ಮೋನ್ ಮಾತ್ರೆ ಸೇವಿಸುವ ಸ್ತ್ರೀಯರು, ಮನೆತನದಲ್ಲಿ ಈ ತೊಂದರೆ ಇರುವವರು ಹಾಗೂ ವೃದ್ಧರಲ್ಲಿ ಸಂಭವ ಹೆಚ್ಚು. ಏಷ್ಯಾದ ಜನರಲ್ಲಿ ಈ ರೋಗ ವಿರಳವೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಲುಗಾಡಿಸಿತು. ಏಷ್ಯಾದ 19 ಕೇಂದ್ರಗಳಲ್ಲಿ, ತಡೆಗಟ್ಟುವ ಔಷಧ ಪಡೆಯದ ರೋಗಿಗಳ ಕಾಲುಗಳನ್ನು ಶಸ್ತ್ರಚಿಕಿತ್ಸೆಯ ನಂತರ ಬಣ್ಣದ್ರವದ ಎಕ್ಸ್-ರೇ ಮೂಲಕ ಪರೀಕ್ಷಿಸಿದಾಗ ನೂರಕ್ಕೆ 41 ಮಂದಿಯಲ್ಲಿ ಹೆಪ್ಪು ಕಂಡುಬಂದಿತು. ಅವುಗಳಲ್ಲಿ ಬಹುಪಾಲು ಮೀನಖಂಡದ ಸಣ್ಣ ಹೆಪ್ಪುಗಳು. ಅಂಥವು ಲಕ್ಷಣ ತೋರದೆ ತಾವಾಗಿಯೇ ಕರಗಿಹೋಗುವುದುಂಟು. ಮಂಡಿಯಿಂದ ಮೇಲಿನ ದೊಡ್ಡ ನಾಳಗಳಲ್ಲಿ ಹೆಪ್ಪು ಇದ್ದವರು ನೂರಕ್ಕೆ ಸುಮಾರು 10 ಮಂದಿ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸದೆ ಇದ್ದರೆ ರೋಗದ ಬಗ್ಗೆ ಅತಿ ಭಯವೂ ಹುಟ್ಟಬಹುದು, ಅತಿ ಉದಾಸೀನವೂ ಹುಟ್ಟಬಹುದು.

ಲಕ್ಷಣಗಳು ಮತ್ತು ಕಾಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಲಕ್ಷಣ ತೋರಿದ ಹೆಪ್ಪು ಪತ್ತೆಯಾದ ದಿನದ ಮಧ್ಯಾಂಕ ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ 7ನೆಯ ದಿನ, ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ 17ನೆಯ ದಿನ. ಅಂದರೆ ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಅರ್ಧದಷ್ಟು ಪ್ರಕರಣಗಳು ಎರಡೂವರೆ ವಾರ ಕಳೆದ ಮೇಲೆ ಬೆಳಕಿಗೆ ಬಂದಿವೆ. ಅಪಾಯದ ಅವಧಿ ಸುಮಾರು ಮೂರು ತಿಂಗಳವರೆಗೆ ಚಾಚಿಕೊಂಡಿರುತ್ತದೆ.

ಕಾಲಿನಲ್ಲಿ ಹೆಪ್ಪುಗಟ್ಟಿದಾಗ ಮೀನಖಂಡ ಅಥವಾ ತೊಡೆ ಊದಿಕೊಳ್ಳುತ್ತದೆ, ಒತ್ತಿದರೆ ನೋಯುತ್ತದೆ, ಚರ್ಮ ಬೆಚ್ಚಗಾಗಿ ಕೆಂಪೇರುತ್ತದೆ ಇಲ್ಲವೆ ನೀಲಿಗಟ್ಟುತ್ತದೆ. ತೊಡಕಿರುವುದು ಇಲ್ಲಿಯೇ. ಮಂಡಿ ಬದಲಾಯಿಸಿದ ಯಾವ ಕಾಲಾದರೂ ಕೆಲವು ವಾರ ಊದಿಕೊಂಡೇ ಇರುತ್ತದೆ, ನೋಯುತ್ತಲೇ ಇರುತ್ತದೆ. ಒಳಗೆ ಒಸರಿದ ರಕ್ತ ಜಾರಿ ಕಣಕಾಲಿನವರೆಗೆ ಕಪ್ಪುನೀಲಿ ಕಲೆಗಳು ಮೂಡುವುದೂ ಸಹಜ. ಸಹಜವಾದ ಊತಕ್ಕೂ ಹೆಪ್ಪಿನ ಊತಕ್ಕೂ ಇರುವ ಭೇದವನ್ನು ಬರಿಗಣ್ಣಿನಿಂದ ನಿಶ್ಚಯಿಸಲು ಅನುಭವಿ ವೈದ್ಯರಿಗೂ ಸಾಧ್ಯವಾಗುವುದಿಲ್ಲ. ಆದರೂ ಕೆಲವು ಸುಳಿವುಗಳಿವೆ. ಸಹಜವಾದ ಊತ ರಾತ್ರಿ ಕಾಲನ್ನು ಎತ್ತರಿಸಿ ಮಲಗಿದರೆ ಬೆಳಿಗ್ಗೆಗೆ ಇಳಿದಿರುತ್ತದೆ ಮತ್ತು ದಿನದಿಂದ ದಿನಕ್ಕೆ ತಗ್ಗುತ್ತದೆ. ತಗ್ಗುತ್ತಿದ್ದ ಊತ ಮತ್ತೆ ಏರಿದರೆ, ಬೆಳಿಗ್ಗೆಯೂ ಇಳಿಯದಿದ್ದರೆ, ನೋವು ಮಂಡಿಯಿಂದ ಮೀನಖಂಡಕ್ಕೆ ಸರಿದರೆ, ಶಸ್ತ್ರಚಿಕಿತ್ಸೆಯಾಗದ ಕಾಲು ಊದಿಕೊಂಡರೆ ಪರೀಕ್ಷೆ ಅಗತ್ಯ.

ಶ್ವಾಸಕೋಶಕ್ಕೆ ಹೆಪ್ಪು ತಲಪಿದಾಗ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಎದೆಬಡಿತ ಹೆಚ್ಚುವುದು, ಕೆಮ್ಮಿನಲ್ಲಿ ರಕ್ತ ಕಾಣುವುದು, ತಲೆ ಸುತ್ತಿ ಬೀಳುವುದು ಮುಂತಾದ ಲಕ್ಷಣಗಳು ತೋರುತ್ತವೆ. ಕಾಲಿನಲ್ಲಿ ಯಾವ ಸೂಚನೆಯೂ ಇಲ್ಲದೆ ಇವೇ ಮೊದಲ ಲಕ್ಷಣಗಳಾಗಿ ಬರುವುದುಂಟು. ಮೆಟ್ಟಿಲು ಹತ್ತಿದಾಗ ತುಸು ಏದುಸಿರು ಬಂದುದನ್ನು ದೌರ್ಬಲ್ಯವೆಂದು ತಳ್ಳಿಹಾಕಿದವರಲ್ಲಿ ಬಳಿಕ ರೋಗ ಪತ್ತೆಯಾಗುವುದು ಅಪರೂಪವಲ್ಲ.

ಪತ್ತೆಹಚ್ಚುವ ಕ್ರಮ

ಕಾಲಿನ ಹೆಪ್ಪಿಗೆ ಅಲ್ಟ್ರಾಸೌಂಡ್ ಮುಖ್ಯ ಪರೀಕ್ಷೆ. ಜನಸಾಮಾನ್ಯರಲ್ಲಿ ಇದು ‘ಡಾಪ್ಲರ್ ಸ್ಕ್ಯಾನಿಂಗ್’ ಎಂದೇ ಪರಿಚಿತ. ಉಪಕರಣವನ್ನು ಚರ್ಮದ ಮೇಲಿಟ್ಟು ಮೆಲ್ಲಗೆ ಒತ್ತಿದಾಗ ಆರೋಗ್ಯವಾದ ಅಭಿಧಮನಿ ಚಪ್ಪಟೆಯಾಗುತ್ತದೆ; ಒಳಗೆ ಹೆಪ್ಪಿದ್ದರೆ ಚಪ್ಪಟೆಯಾಗುವುದಿಲ್ಲ. ಇದರಲ್ಲಿ ಸೂಜಿಯಾಗಲಿ ವಿಕಿರಣವಾಗಲಿ ಇಲ್ಲ. ಶ್ವಾಸಕೋಶದ ಹೆಪ್ಪಿಗೆ ಬಣ್ಣದ್ರವ ಚುಚ್ಚಿ ತೆಗೆಯುವ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

ಡಿ-ಡೈಮರ್ ಎಂಬ ರಕ್ತಪರೀಕ್ಷೆ ಬೇರೆ ರೋಗಿಗಳಲ್ಲಿ ಉಪಯುಕ್ತವಾದರೂ ಈ ಸಂದರ್ಭದಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ದೊಡ್ಡ ಶಸ್ತ್ರಚಿಕಿತ್ಸೆಯಾದ ಎಲ್ಲರಲ್ಲಿಯೂ ಕೆಲವು ವಾರಗಳ ಕಾಲ ಅದರ ಪ್ರಮಾಣ ಏರಿಯೇ ಇರುವುದರಿಂದ, ಏರಿದೆ ಎಂಬ ಮಾತ್ರಕ್ಕೆ ಹೆಪ್ಪಿದೆಯೆಂದು ಹೇಳಲಾಗದು.

ಚಿಕಿತ್ಸೆ

ತಡೆಗಟ್ಟುವ ಪ್ರಮಾಣ ಮತ್ತು ಗುಣಪಡಿಸುವ ಪ್ರಮಾಣ ಬೇರೆಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಶಸ್ತ್ರಚಿಕಿತ್ಸೆಯಾದ ಎಲ್ಲರಿಗೂ ಕೆಲವು ದಿನ ಕೊಡುವ ಹೆಪ್ಪುರೋಧಕದ ಪ್ರಮಾಣ ಸಣ್ಣದು. ಹೆಪ್ಪು ಖಚಿತವಾದ ಮೇಲೆ ಕೊಡುವುದು ಪೂರ್ಣ ಪ್ರಮಾಣ. ಔಷಧದ ಹೆಸರು ಒಂದೇ ಇರುವುದರಿಂದ ರೋಗಿಗಳು ಹಳೆಯ ಚೀಟಿಯ ಮಾತ್ರೆಯನ್ನೇ ಮುಂದುವರಿಸುವ ತಪ್ಪು ನಡೆಯುವುದುಂಟು. ಉದಾಹರಣೆಗೆ, ರಿವರಾಕ್ಸಬಾನ್ ಎಂಬ ಮಾತ್ರೆ ತಡೆಗಟ್ಟಲು ದಿನಕ್ಕೆ ಒಮ್ಮೆ 10 ಮಿಲಿಗ್ರಾಂ. ಹೆಪ್ಪಿನ ಚಿಕಿತ್ಸೆಗಾದರೆ ಮೊದಲ 21 ದಿನ ದಿನಕ್ಕೆರಡು ಬಾರಿ 15 ಮಿಲಿಗ್ರಾಂ, ಅನಂತರ ದಿನಕ್ಕೊಮ್ಮೆ 20 ಮಿಲಿಗ್ರಾಂ.

ಹೆಪ್ಪುರೋಧಕಗಳು ಹೆಪ್ಪನ್ನು ಕರಗಿಸುತ್ತವೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅವು ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತವೆ. ಇರುವ ಹೆಪ್ಪನ್ನು ಕರಗಿಸುವುದು ದೇಹವೇ. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಊತ ಇಳಿದೊಡನೆ ಮಾತ್ರೆ ನಿಲ್ಲಿಸಬಾರದೆನ್ನಲು ಇದೇ ಕಾರಣ. ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣದಿಂದ ಉಂಟಾದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳ ಚಿಕಿತ್ಸೆ ಸಾಕಾಗುತ್ತದೆ. ಕಾರಣವಿಲ್ಲದೆ ಹೆಪ್ಪುಗಟ್ಟುವವರಿಗೆ ಹೋಲಿಸಿದರೆ ಇಂಥವರಲ್ಲಿ ರೋಗ ಮರುಕಳಿಸುವ ಸಂಭವ ಬಹಳ ಕಡಿಮೆ ಎಂಬುದು ಸಮಾಧಾನದ ಸಂಗತಿ.

ಕೀಲು ಬದಲಾವಣೆಯಾದವರ ಚಿಕಿತ್ಸೆಯಲ್ಲಿ ಬೇರೆ ರೋಗಿಗಳಿಗಿಲ್ಲದ ಒಂದು ಇಕ್ಕಟ್ಟು ಇದೆ. ಗಾಯ ಇನ್ನೂ ಹಸಿಯಾಗಿರುವಾಗ ಪೂರ್ಣ ಪ್ರಮಾಣದ ಹೆಪ್ಪುರೋಧಕ ಕೊಟ್ಟರೆ ಹೊಸ ಕೀಲಿನೊಳಗೆ ರಕ್ತ ಒಸರಿ ತುಂಬಿಕೊಳ್ಳಬಹುದು. ಹಾಗೆ ತುಂಬಿದ ರಕ್ತ ಕೀಲನ್ನು ಪೆಡಸಾಗಿಸುತ್ತದೆ. ಗಾಯದಿಂದ ದ್ರವ ಸೋರುತ್ತಿದ್ದರೆ ಅದೇ ದಾರಿಯಿಂದ ರೋಗಾಣುಗಳು ಒಳಸೇರಿ ಕೃತಕ ಕೀಲಿಗೆ ಸೋಂಕು ತಗಲಬಹುದು. ಸೋಂಕು ತಗಲಿದ ಕೃತಕ ಕೀಲನ್ನು ಕೆಲವೊಮ್ಮೆ ತೆಗೆದೇ ಹಾಕಬೇಕಾಗುತ್ತದೆ. ಔಷಧ ಕೊಡದಿದ್ದರೆ ಹೆಪ್ಪು ಶ್ವಾಸಕೋಶಕ್ಕೆ ಏರುವ ಭಯ, ಕೊಟ್ಟರೆ ಕೀಲು ಕೆಡುವ ಭಯ. ಆದುದರಿಂದ ಶಸ್ತ್ರಚಿಕಿತ್ಸೆಯ ಮೊದಲ ಕೆಲವು ದಿನಗಳಲ್ಲಿ ಹೆಪ್ಪು ಪತ್ತೆಯಾದರೆ ಮೂಳೆತಜ್ಞರೂ ವೈದ್ಯತಜ್ಞರೂ ಕೂಡಿ ನಿರ್ಧರಿಸುವುದು ರೂಢಿ. ಇಂಥಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಹಳೆಯ ಹೆಪಾರಿನ್ ಇಂದಿಗೂ ಉಪಯುಕ್ತ. ಹನಿ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ತುರ್ತಾದರೆ ಪ್ರೊಟಮಿನ್ ಎಂಬ ಪ್ರತ್ಯೌಷಧದಿಂದ ತಕ್ಷಣವೇ ನಿವಾರಿಸಬಹುದು.

ಮೀನಖಂಡಕ್ಕೆ ಸೀಮಿತವಾದ ಸಣ್ಣ ಹೆಪ್ಪಿಗೆ ಎಲ್ಲರಿಗೂ ಔಷಧ ಬೇಕಿಲ್ಲ. ಲಕ್ಷಣ ತೀವ್ರವಾಗಿಲ್ಲದಿದ್ದರೆ ಔಷಧ ಕೊಡದೆ, ಎರಡು ವಾರಗಳ ಅವಧಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಹೆಪ್ಪು ಮೇಲಕ್ಕೆ ಬೆಳೆಯುತ್ತಿದೆಯೇ ಎಂದು ನೋಡುವ ಮಾರ್ಗವೂ ಅಂಗೀಕೃತವಾಗಿದೆ. ಇದು ಸುಲಭದ ದಾರಿಯೆಂದು ತೋರಿದರೂ, ರೋಗಿ ಮತ್ತೆ ಮತ್ತೆ ಬಂದು ಹೋಗಲು ಸಾಧ್ಯವಿರುವಲ್ಲಿ ಮಾತ್ರ ಸಾಧುವಾದದ್ದು.

ಹೆಪಾರಿನ್ ವರ್ಗದ ಚುಚ್ಚುಮದ್ದುಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಎನಾಕ್ಸಪರಿನ್. ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುವ ಈ ಔಷಧವನ್ನು ಮನೆಯವರೇ ಕಲಿತು ಕೊಡಬಹುದು. ಚಿಕಿತ್ಸೆಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ, 12 ಗಂಟೆಗೊಮ್ಮೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕು. ಹೆಪಾರಿನ್ ಔಷಧಗಳನ್ನು ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಧಾರ್ಮಿಕ ಕಾರಣಕ್ಕೆ ಅದನ್ನು ಒಲ್ಲದವರು ಮೊದಲೇ ತಿಳಿಸಿದರೆ, ಫಾಂಡಪರಿನಕ್ಸ್‌ನಂಥ ಸಂಪೂರ್ಣ ಕೃತಕವಾದ ಔಷಧ ಲಭ್ಯವಿದೆ. ಹೆಪಾರಿನ್ ಆರಂಭಿಸಿದ 5ರಿಂದ 10ನೆಯ ದಿನಗಳಲ್ಲಿ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುವುದುಂಟು. ವಿಚಿತ್ರವೆಂದರೆ ಆಗ ರಕ್ತಸ್ರಾವಕ್ಕಿಂತ ಹೆಚ್ಚಾಗಿ ಹೊಸ ಹೆಪ್ಪುಗಳೇ ಉಂಟಾಗುತ್ತವೆ. ಹೆಪಾರಿನ್ನಿಗೆ ಪ್ರತಿಕಾಯಗಳು ಹುಟ್ಟಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದು ಇದಕ್ಕೆ ಕಾರಣ. ಎಲ್ಲ ಬಗೆಯ ಹೆಪಾರಿನ್ ನಿಲ್ಲಿಸಿ ಬೇರೆ ವರ್ಗದ ಹೆಪ್ಪುರೋಧಕಕ್ಕೆ ಬದಲಾಯಿಸುವುದೇ ಪರಿಹಾರ.

ಬಾಯಿಯ ಮೂಲಕ ಸೇವಿಸುವ ಹೊಸ ಮಾತ್ರೆಗಳಾದ ಡಬಿಗಟ್ರಾನ್, ರಿವರಾಕ್ಸಬಾನ್ ಮತ್ತು ಅಪಿಕ್ಸಬಾನ್ 2008ರಿಂದ ಈಚೆಗೆ ಒಂದೊಂದಾಗಿ ಬಳಕೆಗೆ ಬಂದವು. ಇವು ಮೊದಲು ಅನುಮತಿ ಪಡೆದದ್ದು ಕೀಲು ಬದಲಾವಣೆಯ ರೋಗಿಗಳಲ್ಲಿ ಹೆಪ್ಪು ತಡೆಯುವುದಕ್ಕಾಗಿಯೇ. ಇವುಗಳಿಗೆ ಪದೇ ಪದೇ ರಕ್ತಪರೀಕ್ಷೆ ಬೇಕಿಲ್ಲ. ಅಪಿಕ್ಸಬಾನ್‌ನ ಚಿಕಿತ್ಸಾ ಪ್ರಮಾಣ ಮೊದಲ 7 ದಿನ 10 ಮಿಲಿಗ್ರಾಂ, ಅನಂತರ 5 ಮಿಲಿಗ್ರಾಂ, ಎರಡೂ ದಿನಕ್ಕೆರಡು ಬಾರಿ. ಡಬಿಗಟ್ರಾನ್ ಆರಂಭಿಸುವ ಮುನ್ನ ಕನಿಷ್ಠ 5 ದಿನ ಚುಚ್ಚುಮದ್ದು ಕೊಟ್ಟಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ವರ್ಗದ ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಭಾರತೀಯ ಕಂಪನಿಗಳ ಮಾತ್ರೆಗಳು ಮಾರುಕಟ್ಟೆಗೆ ಬಂದು ಬೆಲೆ ಇಳಿದಿದೆ.

ಹಳೆಯ ಮಾತ್ರೆಯಾದ ವಾರ್ಫರಿನ್ ಅಗ್ಗವಾದರೂ ನಿಭಾಯಿಸಲು ಕಷ್ಟ. ಪೂರ್ಣ ಪ್ರಭಾವ ಬೀರಲು ಅದಕ್ಕೆ ಸುಮಾರು 5 ದಿನ ಬೇಕಾಗುವುದರಿಂದ ಅಲ್ಲಿಯವರೆಗೆ ಚುಚ್ಚುಮದ್ದೂ ಜೊತೆಗಿರಬೇಕು. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ 2 ಮತ್ತು 3ರ ನಡುವೆ ಇರುವಂತೆ ಪ್ರಮಾಣವನ್ನು ಹೊಂದಿಸುತ್ತ ಹೋಗಬೇಕು. ವಾರ್ಫರಿನ್ ಕೆಲಸ ಮಾಡುವುದು ಕೆ ಜೀವಸತ್ವದ ವಿರುದ್ಧವಾಗಿ. ಹಸಿರು ಸೊಪ್ಪುಗಳಲ್ಲಿ ಆ ಜೀವಸತ್ವ ಹೇರಳ. ಸೊಪ್ಪನ್ನು ಬಿಡಬೇಕೆಂದಿಲ್ಲ, ಒಂದು ವಾರ ಹೇರಳವಾಗಿ ತಿಂದು ಮರುವಾರ ಬಿಟ್ಟರೆ ಅಂಕಿ ಏರುಪೇರಾಗುತ್ತದೆ. ಗಂಭೀರ ಮೂತ್ರಪಿಂಡ ರೋಗವಿರುವ ಅಥವಾ ಹೃದಯಕ್ಕೆ ಲೋಹದ ಕವಾಟ ಅಳವಡಿಸಿಕೊಂಡಿರುವ ರೋಗಿಗಳಿಗೆ ವಾರ್ಫರಿನ್ ಇಂದಿಗೂ ಅನಿವಾರ್ಯವಾಗುತ್ತದೆ.

ಶ್ವಾಸಕೋಶದ ದೊಡ್ಡ ಹೆಪ್ಪಿನಿಂದ ರಕ್ತದೊತ್ತಡ ಕುಸಿದಾಗ, ಹೆಪ್ಪನ್ನೇ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಆ ಔಷಧ ಅತಿಯಾದ ರಕ್ತಸ್ರಾವ ತರುವುದರಿಂದ, ಸಾಧ್ಯವಿರುವಲ್ಲಿ ನಾಳದೊಳಗೆ ತೂರಿಸಿದ ಕೊಳವೆಯಿಂದ ಹೆಪ್ಪನ್ನು ಹೀರಿ ತೆಗೆಯುತ್ತಾರೆ, ಇಲ್ಲವೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಹೆಪ್ಪುರೋಧಕವನ್ನು ಕೊಡಲೇ ಆಗದ ಸ್ಥಿತಿಯಲ್ಲಿ, ಹೊಟ್ಟೆಯ ಮಹಾ ಅಭಿಧಮನಿಯಲ್ಲಿ ಕೊಡೆಯ ಕಡ್ಡಿಗಳಂಥ ಶೋಧಕವನ್ನಿಟ್ಟು ಹೆಪ್ಪು ಮೇಲೇರದಂತೆ ತಡೆಯುವುದುಂಟು. ಅಪಾಯ ಕಳೆದ ಮೇಲೆ ಅದನ್ನು ಹೊರತೆಗೆಯಬೇಕು. ಮರೆತು ಬಿಟ್ಟರೆ ಅದೇ ಹೊಸ ಹೆಪ್ಪಿಗೆ ಎಡೆಮಾಡುತ್ತದೆ.

ಹೆಪ್ಪುಗಟ್ಟಿದ ಕಾಲನ್ನು ಅಲುಗಿಸದೆ ಮಲಗಿರಬೇಕೆಂಬ ಹಿಂದಿನ ಕಟ್ಟುನಿಟ್ಟು ಈಗಿಲ್ಲ. ಔಷಧ ಆರಂಭವಾದ ಮೇಲೆ, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ನಡೆಯುವುದರಿಂದ ಶ್ವಾಸಕೋಶದ ಅಪಾಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಮಂಡಿ ಬದಲಾಯಿಸಿಕೊಂಡವರಿಗೆ ಇದು ಬಹಳ ಮುಖ್ಯ. ಮೊದಲ ವಾರಗಳಲ್ಲಿ ವ್ಯಾಯಾಮ ತಪ್ಪಿದರೆ ಹೊಸ ಮಂಡಿ ಮಡಚಲಾಗದಂತೆ ಬಿಗಿದುಕೊಳ್ಳುತ್ತದೆ.

ಮನೆಗೆ ಮರಳಿದ ಬಳಿಕ: ಕೊಡಗಿನ ಸನ್ನಿವೇಶ

ಹೆಪ್ಪು ಬಹುಪಾಲು ಮನೆಯಲ್ಲಿಯೇ ತಲೆದೋರುವ ರೋಗವಾದುದರಿಂದ, ಆ ಮನೆ ಎಲ್ಲಿದೆ ಎಂಬುದೂ ಚಿಕಿತ್ಸೆಯ ಭಾಗವಾಗುತ್ತದೆ. ಮಡಿಕೇರಿ–ಸಿದ್ದಾಪುರ ರಸ್ತೆಯಲ್ಲಿರುವ ಚೆಟ್ಟಳ್ಳಿಯನ್ನು ನಿದರ್ಶನವಾಗಿ ನೋಡಬಹುದು. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇರುವ ಈ ಊರಿನ ಸುತ್ತ ಕಾಫಿ, ಕರಿಮೆಣಸು, ಕಿತ್ತಳೆಯ ತೋಟಗಳಿವೆ. ಮನೆಗಳು ತೋಟಗಳ ನಡುವೆ ಚದುರಿಕೊಂಡಿವೆ. ಮನೆಯಿಂದ ಮುಖ್ಯರಸ್ತೆಗೆ ಬರಲು ಇಳಿಜಾರಿನ ಕಚ್ಚಾದಾರಿ ಇರುವುದು ಸಾಮಾನ್ಯ. ಕೊಡಗಿನಲ್ಲಿ ರೈಲುಮಾರ್ಗವಿಲ್ಲ. ಶಸ್ತ್ರಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋದವರು ಗಂಟೆಗಟ್ಟಲೆ ಕಾರಿನಲ್ಲಿ ಕುಳಿತೇ ಮರಳಬೇಕು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಹಾದು ಬರುವ ಮೈಸೂರಿನ ದಾರಿಯೇ ಇವುಗಳಲ್ಲಿ ಹತ್ತಿರದ್ದು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಮಂಡಿ ಮಡಚಿ ಕುಳಿತು ಮಾಡುವ ಇಂಥ ಪ್ರಯಾಣವೂ ರಕ್ತ ಮಡುಗಟ್ಟಲು ಒಂದು ಕಾರಣ. ದಾರಿಯಲ್ಲಿ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ನೀರು ಕುಡಿಯುವುದು ಒಳ್ಳೆಯದು.

ಮಳೆಗಾಲದಲ್ಲಿ ಪರಿಸ್ಥಿತಿ ಇನ್ನಷ್ಟು ಕಠಿಣ. 2018ರ ಆಗಸ್ಟ್ ತಿಂಗಳ ಭೂಕುಸಿತಗಳಲ್ಲಿ ಮಡಿಕೇರಿಯಿಂದ ಸಂಪಾಜೆಯ ಕಡೆಗೆ, ಅಂದರೆ ಮಂಗಳೂರಿನ ಕಡೆಗೆ ಹೋಗುವ ಹೆದ್ದಾರಿ ಕಡಿದುಹೋಗಿ ಸಂಚಾರ ನಿಂತಿತ್ತು. ತುರ್ತಿಲ್ಲದ ಕೀಲು ಬದಲಾವಣೆಯನ್ನು ಯಾವ ತಿಂಗಳಲ್ಲಿ ಮಾಡಿಸಿಕೊಳ್ಳಬೇಕೆಂದು ಯೋಚಿಸುವಾಗ ಕಾಫಿ ಕೊಯ್ಲನ್ನು ಲೆಕ್ಕಕ್ಕೆ ಹಿಡಿಯುವ ಮನೆಗಳು, ಮುಂದಿನ ಮೂರು ತಿಂಗಳ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯುವುದು ವಿವೇಕ. ಉಸಿರು ಕಟ್ಟುವುದು, ಎದೆನೋವು ಮುಂತಾದ ಲಕ್ಷಣಗಳು ಕಂಡಾಗ ಶಸ್ತ್ರಚಿಕಿತ್ಸೆ ಮಾಡಿದ ದೂರದ ಆಸ್ಪತ್ರೆಗೇ ಹೋಗಬೇಕೆಂದು ಹೊರಡುವುದು ಸಮಯ ಕಳೆಯುವ ಹಾದಿ. ಅಂಥ ಸಮಯದಲ್ಲಿ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆ ಸೇರಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದೆ. ಆಸ್ಪತ್ರೆಯಿಂದ ಕೊಟ್ಟ ಬಿಡುಗಡೆ ಪತ್ರವನ್ನೂ ನುಂಗುತ್ತಿರುವ ಮಾತ್ರೆಗಳ ಹಾಳೆಯನ್ನೂ ಜೊತೆಗೆ ಒಯ್ದರೆ ಅಲ್ಲಿನ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ಊದಿದ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವ ವಾಡಿಕೆ ಕರ್ನಾಟಕದ ಎಲ್ಲ ಕಡೆಯೂ ಇದೆ. ಹಿರಿಯರ ಕಾಳಜಿಯಿಂದ ನಡೆಯುವ ಈ ಉಪಚಾರ ಹೆಪ್ಪುಗಟ್ಟಿದ ಕಾಲಿನ ಮಟ್ಟಿಗೆ ಅಪಾಯಕಾರಿ. ಮೀನಖಂಡವನ್ನು ಬಲವಾಗಿ ಕೆಳಗಿನಿಂದ ಮೇಲಕ್ಕೆ ನೀವಿದಾಗ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿವೆ. ಸ್ಕ್ಯಾನ್ ಆಗುವವರೆಗೆ ಊದಿದ ಕಾಲನ್ನು ತಿಕ್ಕಬಾರದು.

ಕೊಡಗಿನ ಆಹಾರಪದ್ಧತಿಗೆ ಸಂಬಂಧಿಸಿದ ಒಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಕಕ್ಕಡ ಮಾಸದ 18ನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ರಸದಿಂದ ಪಾಯಸ ಮಾಡಿ ತಿನ್ನುವ ಸಂಪ್ರದಾಯ ಇಲ್ಲಿದೆ. ಅದನ್ನು ತಿಂದವರ ಮೂತ್ರ ಕೆಂಪಾಗುವುದು ಎಲ್ಲರಿಗೂ ತಿಳಿದ ಸಂಗತಿ. ಹೆಪ್ಪುರೋಧಕ ಸೇವಿಸುವವರಿಗೆ ವೈದ್ಯರು ಹೇಳುವ ಮೊದಲ ಎಚ್ಚರಿಕೆಗಳಲ್ಲಿ ಒಂದು ಮೂತ್ರ ಕೆಂಪಾದರೆ ಕೂಡಲೇ ಬರಬೇಕೆಂಬುದು. ಆ ದಿನ ಪಾಯಸ ತಿಂದವರು ಸುಮ್ಮನೆ ಗಾಬರಿಗೊಳ್ಳಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾದ ರಕ್ತಸ್ರಾವವನ್ನು ಮದ್ದುಸೊಪ್ಪಿನ ಬಣ್ಣವೆಂದು ಕಡೆಗಣಿಸಬಹುದು. ಸೊಪ್ಪು ತಿಂದ ಮರುದಿನವೂ ಕೆಂಪು ಉಳಿದರೆ ಮೂತ್ರಪರೀಕ್ಷೆ ಮಾಡಿಸುವುದು ಲೇಸು. ಇದರ ಜೊತೆಗೆ ಮಳೆಗಾಲದಲ್ಲಿ ಕೆಸುವಿನ ಎಲೆ, ತೆರ್ಮೆ ಸೊಪ್ಪು ಮೊದಲಾದ ಹಸಿರು ಹೆಚ್ಚಾಗಿ ಅಡುಗೆಮನೆಗೆ ಬರುತ್ತದೆ. ವಾರ್ಫರಿನ್ ಸೇವಿಸುವವರು ಋತು ಬದಲಾದಾಗ ಐ.ಎನ್.ಆರ್. ನೋಡಿಸಿಕೊಳ್ಳಬೇಕು. ಮಿತಿಮೀರಿದ ಮದ್ಯವೂ, ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಹೆಪ್ಪುರೋಧಕದೊಡನೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ.

ತೋಟದ ಕೆಲಸಕ್ಕೆ ಮರಳುವವರು ಔಷಧ ಮುಗಿಯುವವರೆಗೆ ಕತ್ತಿ ಹಿಡಿಯುವಾಗ ಎಚ್ಚರದಿಂದಿರಬೇಕು; ಮೆಣಸು ಕೊಯ್ಯಲು ಏಣಿ ಏರಬಾರದು. ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ, ಆಸ್ಪತ್ರೆಗೆ ಹೋಗಬೇಕು.

ತಡೆಗಟ್ಟುವಿಕೆ

ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುವುದು ಇಂದಿನ ಪದ್ಧತಿ. ಗಾಳಿ ತುಂಬಿ ಮೀನಖಂಡವನ್ನು ಹಿಂಡುವ ಪಟ್ಟಿಗಳನ್ನೂ ಬಳಸುತ್ತಾರೆ. ಔಷಧವನ್ನು ಮಂಡಿಗೆ ಕನಿಷ್ಠ 10ರಿಂದ 14 ದಿನ, ಸೊಂಟಕ್ಕೆ 35 ದಿನದವರೆಗೆ ಕೊಡುವುದು ರೂಢಿ.

ಅಗ್ಗದ ಆಸ್ಪಿರಿನ್ ಸಾಕೇ ಎಂಬ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ. 2018ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ 3,424 ರೋಗಿಗಳೆಲ್ಲರಿಗೂ ಮೊದಲ 5 ದಿನ ರಿವರಾಕ್ಸಬಾನ್ ಕೊಟ್ಟು, ಅನಂತರ ಅರ್ಧ ಮಂದಿಯನ್ನು ಆಸ್ಪಿರಿನ್ನಿಗೆ ಬದಲಾಯಿಸಲಾಯಿತು. ಹೆಪ್ಪಿನ ಪ್ರಮಾಣ ಎರಡೂ ಗುಂಪುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದು, ಹೆಚ್ಚುಕಡಿಮೆ ಸಮನಾಗಿತ್ತು. 2022ರ ಆಸ್ಟ್ರೇಲಿಯದ ಪ್ರಯೋಗದಲ್ಲಿ ಮೊದಲಿನಿಂದಲೇ ಆಸ್ಪಿರಿನ್ ಪಡೆದವರಲ್ಲಿ ನೂರಕ್ಕೆ 3.45, ಎನಾಕ್ಸಪರಿನ್ ಪಡೆದವರಲ್ಲಿ 1.82 ಮಂದಿಗೆ 90 ದಿನಗಳೊಳಗೆ ಹೆಪ್ಪು ಕಂಡಿತು. ಎರಡನ್ನೂ ಜೊತೆಗಿಟ್ಟು ಓದಿದರೆ, ಮೊದಲ ಕೆಲವು ದಿನಗಳಿಗೆ ಬಲವಾದ ಔಷಧ ಬೇಕು, ಅನಂತರ ಆಸ್ಪಿರಿನ್ ಸಾಕಾದೀತು ಎಂಬ ಅಭಿಪ್ರಾಯಕ್ಕೆ ಬಲ ಬರುತ್ತದೆ.

ಇತಿಹಾಸ

ಹೆಪ್ಪುರೋಧಕಗಳ ಕಥೆಯಲ್ಲಿ ಆಕಸ್ಮಿಕಗಳೇ ಹೆಚ್ಚು. ಮಲೆನಾಡಿನವರು ಇಂಬಳವೆನ್ನುವ ಜಿಗಣೆ ಕಚ್ಚಿ ಬಿಟ್ಟ ಮೇಲೂ ರಕ್ತ ಬಹುಹೊತ್ತು ಸುರಿಯುತ್ತದೆ ಎಂಬುದು ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಇಳಿದ ಪ್ರತಿಯೊಬ್ಬರ ಅನುಭವ. ವೈದ್ಯಕೀಯದಲ್ಲಿ ಬಳಸುವ ಜಿಗಣೆಯ ರಸಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆಯೆಂದು ಜಾನ್ ಹೇಕ್ರಾಫ್ಟ್ 1884ರಲ್ಲಿ ತೋರಿಸಿದನು. ಆ ವಸ್ತುವಿಗೆ ಹಿರುಡಿನ್ ಎಂದು ಹೆಸರಾಯಿತು. ಅದನ್ನು ಅನುಸರಿಸಿ ತಯಾರಿಸಿದ ಡೆಸಿರುಡಿನ್ ಎಂಬ ಔಷಧವನ್ನು ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಹೆಪ್ಪು ತಡೆಯಲು ಬಳಸಲಾಗಿದೆ. ಭಾರತದ ಕಾಡುಗಳ ನೆಲಜಿಗಣೆಯಲ್ಲಿಯೂ ಇಂಥದೇ ಕೆಲಸ ಮಾಡುವ ಹೀಮಡಿನ್ ಎಂಬ ವಸ್ತುವನ್ನು 1990ರ ದಶಕದಲ್ಲಿ ಗುರುತಿಸಲಾಯಿತು.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ 1916ರಲ್ಲಿ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದಾಗ ಅದಕ್ಕೆ ತೀರ ವಿರುದ್ಧ ಗುಣದ ವಸ್ತು ನಾಯಿಯ ಯಕೃತ್ತಿನಲ್ಲಿ ದೊರೆಯಿತು. ಅವನ ಗುರು ವಿಲಿಯಂ ಹೋವೆಲ್, ಯಕೃತ್ತಿಗಿರುವ ಗ್ರೀಕ್ ಪದದಿಂದ ಹೆಪಾರಿನ್ ಎಂಬ ಹೆಸರನ್ನು ರೂಪಿಸಿದನು.

1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ, ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯದಿಂದಲೂ ರಕ್ತ ಸುರಿದು ಸಾಯತೊಡಗಿದವು. ಬೂಷ್ಟು ಹಿಡಿದ ಮೇವನ್ನು ಎಸೆಯಲಾಗದ ಬಡ ರೈತರ ಸಂಕಟವದು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದನು. ಆರು ವರ್ಷಗಳ ಪರಿಶ್ರಮದ ಬಳಿಕ, 1939ರಲ್ಲಿ, ಲಿಂಕ್ ತಂಡ ಆ ವಸ್ತುವನ್ನು ಬೇರ್ಪಡಿಸಿತು. ಅದರಿಂದ ಮುಂದೆ ರೂಪುಗೊಂಡ ವಾರ್ಫರಿನ್ 1948ರಲ್ಲಿ ಮೊದಲು ಇಲಿಪಾಷಾಣವಾಗಿ ಮಾರಾಟವಾಯಿತು. 1954ರಲ್ಲಿ ಮನುಷ್ಯರ ಔಷಧವೆಂದು ಮಾನ್ಯವಾಯಿತು.

ಹೆಪ್ಪುರೋಧಕಗಳು ನಿಜವಾಗಿ ಜೀವ ಉಳಿಸುತ್ತವೆಂದು ತೋರಿಸಿದ ಪ್ರಯೋಗ 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಪ್ರಕಟವಾಯಿತು. ಶ್ವಾಸಕೋಶಕ್ಕೆ ಹೆಪ್ಪು ತಲಪಿದ್ದ 35 ರೋಗಿಗಳಲ್ಲಿ ಔಷಧ ಪಡೆಯದ 19 ಮಂದಿಯ ಪೈಕಿ 5 ಮಂದಿ ಅದೇ ರೋಗದಿಂದ ತೀರಿಕೊಂಡರು. ಔಷಧ ಪಡೆದ 16 ಮಂದಿಯಲ್ಲಿ ಹೆಪ್ಪಿನಿಂದ ಯಾರೂ ಸಾಯಲಿಲ್ಲ. ಎರಡೇ ವರ್ಷಗಳ ಬಳಿಕ, 1962ರಲ್ಲಿ, ಅದೇ ದೇಶದ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲೀ ಆಧುನಿಕ ರೀತಿಯ ಸೊಂಟದ ಕೀಲು ಬದಲಾವಣೆಯನ್ನು ಆರಂಭಿಸಿದನು. ಆ ಶಸ್ತ್ರಚಿಕಿತ್ಸೆಯ ಮೊದಲ ದಶಕಗಳಲ್ಲಿ ಸಾವಿಗೆ ಪ್ರಮುಖ ಕಾರಣ ಶ್ವಾಸಕೋಶದ ಹೆಪ್ಪೇ ಆಗಿತ್ತು.

ದೀರ್ಘಕಾಲದ ಪರಿಣಾಮಗಳು

ಹೆಪ್ಪು ಕರಗಿದರೂ ಅಭಿಧಮನಿಯ ಒಳಗಿನ ಕವಾಟಗಳು ಹಾಳಾಗಿ ಕೆಲವರಲ್ಲಿ ಕಾಲಿನ ಊತ, ಭಾರ, ಚರ್ಮ ಕಪ್ಪಾಗುವುದು, ಕಣಕಾಲಿನ ಬಳಿ ಹುಣ್ಣಾಗುವುದು ವರ್ಷಗಟ್ಟಲೆ ಕಾಡುತ್ತದೆ. ಬಿಗಿಯಾದ ಕಾಲುಚೀಲಗಳು ಇದನ್ನು ತಡೆಯುತ್ತವೆಂದು ನಂಬಲಾಗಿತ್ತು. 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಆ ನಂಬಿಕೆಗೆ ಆಧಾರ ದೊರೆಯಲಿಲ್ಲ. ಊತದ ಕಿರಿಕಿರಿ ಕಡಿಮೆಯಾಗುವುದಾದರೆ ಅವುಗಳನ್ನು ಧರಿಸಲು ಅಡ್ಡಿಯಿಲ್ಲ. ಮೂರು ತಿಂಗಳ ಚಿಕಿತ್ಸೆಯ ನಂತರವೂ ಏದುಸಿರು ಉಳಿದರೆ, ಕರಗದ ಹೆಪ್ಪಿನಿಂದ ಶ್ವಾಸಕೋಶದ ರಕ್ತದೊತ್ತಡ ಏರಿದೆಯೇ ಎಂದು ಹೃದಯದ ಎಕೋ ಪರೀಕ್ಷೆಯಿಂದ ತಿಳಿಯಬೇಕಾಗುತ್ತದೆ.

ಮಂಡಿ ಸವೆದವರಲ್ಲಿ ಅನೇಕರಿಗೆ ಎರಡೂ ಮಂಡಿಗಳು ಸವೆದಿರುತ್ತವೆ. ಮೊದಲ ಮಂಡಿಯ ಬಳಿಕ ಹೆಪ್ಪು ಅನುಭವಿಸಿದವರು ಎರಡನೆಯದನ್ನು ಬದಲಾಯಿಸಿಕೊಳ್ಳಬಾರದೆಂದೇನೂ ಇಲ್ಲ. ಆದರೆ ಹೆಪ್ಪುಗಟ್ಟಿದ ಮೊದಲ ಮೂರು ತಿಂಗಳೊಳಗೆ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಮುಂದೂಡುತ್ತಾರೆ. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಅರಿವಳಿಕೆ ಕೊಡುವಾಗ ರಕ್ತದಲ್ಲಿ ಹೆಪ್ಪುರೋಧಕ ಇದ್ದರೆ ಅಲ್ಲಿ ರಕ್ತ ತುಂಬಿ ಕಾಲುಗಳ ಸ್ವಾಧೀನ ತಪ್ಪುವ ಅಪಾಯವಿರುವುದರಿಂದ, ಕೊನೆಯ ಮಾತ್ರೆ ನುಂಗಿದ ದಿನ ಮತ್ತು ವೇಳೆಯನ್ನು ಅರಿವಳಿಕೆ ತಜ್ಞರಿಗೆ ನಿಖರವಾಗಿ ತಿಳಿಸಬೇಕು. ಮೊದಲ ಬಾರಿಯ ಸ್ಕ್ಯಾನ್ ವರದಿಯನ್ನು ಕಾಪಾಡಿಟ್ಟುಕೊಂಡಿದ್ದರೆ, ಮುಂದೆ ಅದೇ ಕಾಲು ಊದಿದಾಗ ಕಾಣುವುದು ಹಳೆಯ ಹೆಪ್ಪಿನ ಗುರುತೋ ಹೊಸದೋ ಎಂದು ಹೋಲಿಸಿ ಹೇಳಲು ಅದು ನೆರವಾಗುತ್ತದೆ.